ಬಣ್ಣ ಆಮೇಲೆ, ಮೊದಲು ನಲ್ಲಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿಯಾದ ಮಾರನೆಯ ದಿನ ಓನರ್ ಫೋನ್ ಮಾಡುವುದು ಪೇಂಟರಿಗೆ. ಹಳೆಯ ಬಾಡಿಗೆದಾರರ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ‘ಪೇಂಟಿಂಗ್ ಖರ್ಚು’ ಎಂದು ಮುರಿದುಕೊಳ್ಳುವುದು ಈ ಊರಿನ ಅಲಿಖಿತ ಪದ್ಧತಿ. ಆ ದುಡ್ಡು ಕೈಯಲ್ಲೇ ಇರುವುದರಿಂದ ಮೊದಲ ಯೋಚನೆ ಗೋಡೆಯ ಕಡೆಗೇ ಹೋಗುತ್ತದೆ. ನಾಲ್ಕು ದಿನದಲ್ಲಿ ಮನೆ ಥಳಥಳ ಅನ್ನುತ್ತದೆ, ಗೇಟಿಗೆ ‘ಟು ಲೆಟ್’ ಬೋರ್ಡು ಬೀಳುತ್ತದೆ, ತಿಂಗಳೊಳಗೆ ಹೊಸಬರು ಬಂದು ಹಾಲುಕ್ಕಿಸುತ್ತಾರೆ. ಅವರು ಬಂದ ಮೊದಲ ಭಾನುವಾರ ಬೆಳಿಗ್ಗೆಯೇ ಫೋನು: ‘ಅಂಕಲ್, ಬಾತ್‌ರೂಮಲ್ಲಿ ನೀರು ನಿಲ್ತಾ ಇದೆ.’ ಮುಂದಿನ ವಾರ ಗೀಸರ್. ಅದರ ಮುಂದಿನ ವಾರ ಅಡುಗೆಮನೆ ಸಿಂಕಿನ ಕೆಳಗೆ ಸೋರಿಕೆ. ಗೋಡೆಗೆ ತಿಳಿಹಸಿರು ಬದಲು ಕೆನೆಬಣ್ಣ ಹೊಡೆಸಬೇಕಿತ್ತು ಎಂದು ಯಾರೂ ಭಾನುವಾರ ಫೋನ್ ಮಾಡುವುದಿಲ್ಲ.

ದುಡ್ಡು ಸುರಿಯುವುದು ಕಣ್ಣಿಗೆ ಕಾಣುವ ಕಡೆ, ದೂರು ಏಳುವುದು ಕಾಣದ ಕಡೆ. ಬಾಡಿಗೆ ಮನೆಯ ರಿಪೇರಿ ಜಗಳಗಳಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ ಎನ್ನುವುದು ನನ್ನ ಅನಿಸಿಕೆ. ಓನರುಗಳ ಪ್ರಕಾರ ‘ಈ ಕಾಲದ ಬಾಡಿಗೆದಾರರಿಗೆ ಒಂದು ಬಲ್ಬ್ ಹಾಕಿಕೊಳ್ಳೋಕೂ ಬರಲ್ಲ’. ಬಾಡಿಗೆದಾರರ ಪ್ರಕಾರ ‘ಓನರ್‌ಗೆ ಬಾಡಿಗೆ ತಗೊಳ್ಳೋದು ಬಿಟ್ಟು ಬೇರೇನೂ ಬರಲ್ಲ’. ಇಬ್ಬರ ನಡುವೆ ನಿಜವಾದ ಅಪರಾಧಿ, ಎಷ್ಟೋ ಸಲ, ಐವತ್ತು ರೂಪಾಯಿಯ ಒಂದು ವಾಷರ್.

ಮೂವತ್ತು–ನಲವತ್ತರ ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲೆ ಎರಡು ಮನೆ ಕಟ್ಟಿ, ಅದರ ಬಾಡಿಗೆಯನ್ನೇ ಪಿಂಚಣಿಯೆಂದು ನಂಬಿಕೊಂಡವರು ಈ ಊರಿನಲ್ಲಿ ಬಹಳ. ಅಂಥವರಿಗೆ ಬಿಡಿಬಿಡಿ ರಿಪೇರಿ ದುಬಾರಿ: ಪ್ಲಂಬರ್ ಒಂದು ಸಲ ಬಂದು ಹೋದರೆ ಸಾಮಾನಿನ ಬೆಲೆಗಿಂತ ಅವರ ಕೂಲಿಯೇ ಹೆಚ್ಚು. ಅದೇ ಪ್ಲಂಬರನ್ನು ಮನೆ ಖಾಲಿ ಇದ್ದಾಗ ಒಂದಿಡೀ ದಿನ ಕರೆಸಿ, ಎಲ್ಲವನ್ನೂ ಒಟ್ಟಿಗೆ ತೋರಿಸಿದರೆ ಅಗ್ಗ. ಆದರೆ ಏನು ತೋರಿಸಬೇಕೆಂದು ಓನರಿಗೇ ಗೊತ್ತಿರುವುದಿಲ್ಲ, ಏಕೆಂದರೆ ಆ ಮನೆಯಲ್ಲಿ ಅವರು ಒಂದು ದಿನವೂ ಸ್ನಾನ ಮಾಡಿಲ್ಲ.

ಹಾಗಾಗಿ ಮೊದಲ ಕೆಲಸ, ಖಾಲಿ ಮನೆಯಲ್ಲಿ ಒಂದು ರಾತ್ರಿ ಮಲಗುವುದು. ಚಾಪೆ, ದಿಂಬು, ಒಂದು ಬಕೆಟ್ ಸಾಕು. ರಾತ್ರಿ ಹನ್ನೊಂದರ ಮೇಲೆ ರಸ್ತೆ ಸದ್ದು ಅಡಗಿದಾಗ ಫ್ಲಶ್ ಟ್ಯಾಂಕ್ ಸಣ್ಣಗೆ ‘ಸುಂಯ್’ ಅನ್ನುತ್ತಿದ್ದರೆ ಆಗ ಕೇಳಿಸುತ್ತದೆ. ಹಗಲಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಅನುಮಾನವಿದ್ದರೆ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಯನ್ನು ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡದೆ ಸುಮ್ಮನಿರಿ. ಕಮೋಡಿನ ನೀರು ನೀಲಿಗಟ್ಟಿದರೆ ಒಳಗಿನ ರಬ್ಬರ್ ಸವೆದಿದೆ ಎಂದೇ ಅರ್ಥ. ಬೆಳಿಗ್ಗೆ ಏಳು ಗಂಟೆಗೆ, ಎಲ್ಲ ಮನೆಯವರೂ ನೀರು ಬಳಸುವ ಹೊತ್ತಿನಲ್ಲಿ, ಎರಡು ಬಾತ್‌ರೂಮು, ಅಡುಗೆಮನೆ ಮೂರರ ನಲ್ಲಿಯನ್ನೂ ಒಟ್ಟಿಗೆ ತಿರುಗಿಸಿ. ಬಾಡಿಗೆಗೆ ಬಂದವರು ದಿನವೂ ಬಾಳುವ ಮನೆ ಇದು. ಸಂಜೆ ನಾಲ್ಕಕ್ಕೆ ಬ್ರೋಕರ್ ಬಂದು ಒಂದೇ ನಲ್ಲಿ ತಿರುಗಿಸಿ ‘ನೋಡಿ, ಫುಲ್ ಫೋರ್ಸ್’ ಎನ್ನುವ ಮನೆ ಬೇರೆ.

ನೀರಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಂಗಳೂರಿನ ಎಷ್ಟೋ ಮನೆಗಳ ಸಂಪಿನಲ್ಲಿ ಎರಡು ನೀರು ಕೂಡುತ್ತವೆ: ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಎತ್ತಿ ತರುವ ಕಾವೇರಿ ಮತ್ತು ಅಂಗಳದ ಬೋರ್‌ವೆಲ್ಲಿನ ಗಡಸು ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ಬೋರ್ ನೀರನ್ನೇ ನೆಚ್ಚಿಕೊಂಡ ಬಡಾವಣೆಗಳಲ್ಲಿ ಸ್ಟೀಲ್ ನಲ್ಲಿಯ ಮೇಲಿನ ಬಿಳಿ ಕಲೆ ನೋಡಿದರೇ ನೀರಿನ ಜಾತಕ ತಿಳಿಯುತ್ತದೆ.

ಹನುಮಂತನಗರದ ಕಡೆಯ ಒಂದು ಮನೆಯಲ್ಲಿ ಪ್ಲಂಬರ್ ಒಬ್ಬರು ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ‘ಎರಡನೇ ಫ್ಲೋರಲ್ಲಿ ನೀರೇ ಬರಲ್ಲ’ ಎನ್ನುವುದು ದೂರು. ಓನರ್ ಹೊಸ ಮೋಟರ್ ತರಲು ಸಿದ್ಧರಾಗಿದ್ದರು. ಪ್ಲಂಬರ್ ಮೊದಲು ಮಾಡಿದ್ದು ವಾಷ್‌ಬೇಸಿನ್ ನಲ್ಲಿಯ ತುದಿಯ ಜಾಲರಿಯನ್ನು ತಿರುಗಿಸಿ ಬಿಚ್ಚಿ ಅಂಗೈಗೆ ಕುಟ್ಟಿಕೊಂಡಿದ್ದು. ಅಕ್ಕಿನುಚ್ಚಿನ ಹಾಗೆ ಬಿಳಿ ಹರಳು, ಕರಿ ಮರಳು, ಯಾವಾಗಲೋ ಪೈಪ್ ಕೊಯ್ದಾಗ ಉಳಿದ ಪ್ಲಾಸ್ಟಿಕ್ ಪುಡಿ ಉದುರಿದವು. ‘ಇದಕ್ಕೆ ಮೋಟರ್ ತಂದ್ರೆ ಪಾಪ ಮೋಟರ್ ಏನು ಮಾಡುತ್ತೆ, ಹೇಳಿ ಸಾರ್’ ಎಂದು ಜಾಲರಿಯನ್ನು ನಿಂಬೆಹುಳಿ ಪುಡಿ ಕಲಸಿದ ಬಿಸಿನೀರಿಗೆ ಹಾಕಿದರು. ಆಮೇಲೆ ಶವರ್, ಹೆಲ್ತ್ ಫಾಸೆಟ್, ಗೀಸರಿಗೆ ನೀರು ಹೋಗುವ ಬಾಯಿಯ ಜಾಲರಿ, ವಾಷಿಂಗ್ ಮೆಷಿನ್ ನಲ್ಲಿ, ಎಲ್ಲ ಬಿಚ್ಚಿದರು. ಎಲ್ಲದರಲ್ಲೂ ಅದೇ ಸರಕು. ಕೊನೆಗೆ ತಾರಸಿಗೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದರೆ ತಳದಲ್ಲಿ ಬೆರಳು ಮುಳುಗುವಷ್ಟು ಕೆಸರು. ಟ್ಯಾಂಕ್ ತೊಳೆಯದೆ ನಲ್ಲಿ ಮಾತ್ರ ಸ್ವಚ್ಛ ಮಾಡಿದರೆ ಮತ್ತೆ ಮೂರು ತಿಂಗಳಿಗೆ ಕರೆಯುತ್ತೀರಿ ಎಂದರು. ಅವರ ಹೊಟ್ಟೆಪಾಡಿಗೆ ವಿರುದ್ಧವಾದ ಸಲಹೆ, ಆದ್ದರಿಂದ ನಂಬಬಹುದು.

ನಲ್ಲಿ ಬದಲಿಸುವುದಾದರೆ ಅಂಗಡಿಯ ಗಾಜಿನೊಳಗೆ ಮಿಂಚುವುದನ್ನು ತರಬೇಡಿ. ಕಾಲು ಸುತ್ತಿಗೆ ತೆರೆದುಕೊಳ್ಳುವ, ಒಳಗೆ ಸೆರಾಮಿಕ್ ಬಿಲ್ಲೆಯಿರುವ ನಲ್ಲಿಗಳು ಚೆನ್ನ; ಆದರೆ ಟ್ಯಾಂಕಿನ ಮರಳು ಆ ಬಿಲ್ಲೆಯನ್ನು ಗೀರುತ್ತದೆ, ಗೀರಿದ ಮೇಲೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಬದಲಿ ಕಾರ್ಟ್ರಿಡ್ಜ್ ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಂಡೇ ಮಾಡೆಲ್ ಆರಿಸಬೇಕು. ಎಸ್‌ಜೆಪಿ ರಸ್ತೆಗೇ ಹೋಗಿ ಹುಡುಕಬೇಕಾದ ನಲ್ಲಿ ಸ್ವಂತ ಮನೆಗಿರಲಿ. ಮೂರು ಮನೆಗೂ ಒಂದೇ ಮಾಡೆಲ್ ಹಾಕಿಸಿ ನಾಲ್ಕು ಕಾರ್ಟ್ರಿಡ್ಜ್ ಮನೆಯಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಸೆಕೆಂಡಿಗೊಂದು ಹನಿ, ಹನಿಗೆ ಕಾಲು ಮಿಲಿಲೀಟರ್ ಎಂದು ಲೆಕ್ಕ ಹಿಡಿದರೂ ತೊಟ್ಟಿಕ್ಕುವ ಒಂದು ನಲ್ಲಿ ದಿನಕ್ಕೆ ಇಪ್ಪತ್ತೊಂದು ಲೀಟರಿಗೂ ಹೆಚ್ಚು ಕುಡಿದುಬಿಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಮೇಲಿನ ಮನೆಯವರದ್ದು ಮತ್ತೊಂದು ಗೋಳು: ಶವರ್ ಬರುವುದಿಲ್ಲ. ಇದು ಕಸದ ತಪ್ಪಲ್ಲ, ಎತ್ತರದ ತಪ್ಪು. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ತಾರಸಿಯ ಮೇಲೆ ಇಟ್ಟಿಗೆ ಕಟ್ಟೆಯಲ್ಲಿ ಕೂತ ಟ್ಯಾಂಕಿನಿಂದ ಅದರ ಕೆಳಗಿನ ಬಾತ್‌ರೂಮಿನ ಶವರಿಗೆ ಇರುವ ಎತ್ತರ ಎರಡು ಮೀಟರ್ ಬಂದರೆ ಹೆಚ್ಚು. ಅಲ್ಲಿ ತಟ್ಟೆಯಗಲದ ‘ರೇನ್ ಶವರ್’ ಹಾಕಿಸಿದರೆ ಮಳೆಯಲ್ಲ, ಸೋನೆಯೂ ಬರುವುದಿಲ್ಲ. ಸಣ್ಣ ಇನ್‌ಸ್ಟಂಟ್ ಗೀಸರ್‌ಗಳಲ್ಲೂ ಕೆಲವು ಈ ಒತ್ತಡಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತುವುದು, ಟ್ಯಾಂಕಿನಿಂದ ಇಳಿಯುವ ಪೈಪನ್ನು ದಪ್ಪ ಮಾಡುವುದು, ಗಾಳಿ ಹೋಗಲು ಮೇಲ್ಮುಖವಾಗಿ ಒಂದು ವೆಂಟ್ ಪೈಪ್ ಬಿಡುವುದು, ಇಷ್ಟರಲ್ಲಿ ಬಹುಪಾಲು ಬಗೆಹರಿಯುತ್ತದೆ. ಇಲ್ಲವಾದರೆ ಸಣ್ಣ ಪ್ರೆಷರ್ ಪಂಪ್. ಅದೂ ಬೇಡವೆಂದರೆ ಹಳೆಯ ಕಾಲದ ಸಾಧಾರಣ ಶವರ್ ಹಾಕಿ, ಬಕೆಟ್ಟೂ ತಂಬಿಗೆಯೂ ಇದೆ ಎಂದು ಮೊದಲೇ ಹೇಳಿಬಿಡಿ.

ಟ್ಯಾಂಕ್ ಒಂದೇ ಇದ್ದರೆ ಜಗಳ ಖಾಯಂ. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎನ್ನುವುದು ಸರ್ಕಾರಿ ಲೆಕ್ಕ. ನಾಲ್ಕು ಜನರ ಮನೆಗೆ 540, ಅಂಥ ಮೂರು ಮನೆಗೆ 1,600 ಲೀಟರಿಗೂ ಮೇಲೆ. ಸಾವಿರ ಲೀಟರಿನ ಒಂದು ಟ್ಯಾಂಕನ್ನು ಮೂರು ಮನೆ ಹಂಚಿಕೊಂಡರೆ ಬೆಳಿಗ್ಗೆ ಬೇಗ ಎದ್ದವರೇ ಭಾಗ್ಯವಂತರು. ಮನೆಗೊಂದು ಟ್ಯಾಂಕ್, ಪ್ರತಿಯೊಂದಕ್ಕೂ ಬೇರೆ ವಾಲ್ವ್, ಪೇಂಟಿನಲ್ಲಿ ‘1ನೇ ಮಹಡಿ’, ‘2ನೇ ಮಹಡಿ’ ಎಂದು ಬರೆದರೆ ಆಯಿತು. ಒಂದು ಮನೆಯ ಪೈಪ್ ಒಡೆದರೆ ಇಡೀ ಕಟ್ಟಡದ ನೀರು ನಿಲ್ಲಿಸುವ ಗತಿ ಬರುವುದಿಲ್ಲ.

ಸೋಲಾರ್ ಇರುವ ಮನೆಗಳಲ್ಲಿ ‘ಬಿಸಿನೀರು ಬರಲ್ಲ’ ಎನ್ನುವ ದೂರಿನ ಅರ್ಥ ಸಾಮಾನ್ಯವಾಗಿ ‘ಬೇಗ ಬರಲ್ಲ’ ಎಂದು. ತಾರಸಿಯಿಂದ ಕೆಳಮನೆಗೆ ಇಪ್ಪತ್ತು ಮೀಟರ್ ಮುಕ್ಕಾಲು ಇಂಚಿನ ಪೈಪ್ ಇದ್ದರೆ ಅದರೊಳಗೇ ಐದಾರು ಲೀಟರ್ ತಣ್ಣೀರು ನಿಂತಿರುತ್ತದೆ. ಅದು ಹೊರಗೆ ಹೋಗುವವರೆಗೆ ಬಿಸಿಯಿಲ್ಲ. ಅಷ್ಟನ್ನು ಬಕೆಟ್ಟಿಗೆ ಹಿಡಿದುಕೊಳ್ಳಿ ಎಂದು ಮೊದಲ ದಿನವೇ ಹೇಳಿದರೆ ಮುಗಿಯಿತು.

ಇನ್ನು ಬಾತ್‌ರೂಮಿನ ನೆಲ. ನೀರು ನಾಣಿ ಟ್ರ್ಯಾಪಿನ ಕಡೆಗೆ ತಾನಾಗಿ ಓಡಬೇಕಾದರೆ ನಾಲ್ಕು ಅಡಿಗೆ ಅರ್ಧ ಇಂಚಾದರೂ ಇಳಿಜಾರು ಬೇಕು. ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ಬನ್ನಿ. ಮೂಲೆಯಲ್ಲಿ ಕೆರೆ ಕಟ್ಟಿದ್ದರೆ ಟೈಲ್ಸ್ ಕೂರಿಸಿದ ಮೇಸ್ತ್ರಿ ಇಳಿಜಾರು ನೋಡಿಲ್ಲ. ಅದನ್ನು ಸರಿಮಾಡಲು ಆ ಭಾಗದ ಟೈಲ್ಸ್ ಎಬ್ಬಿಸಲೇಬೇಕು. ಧೂಳು, ಸದ್ದು, ಒಂದು ವಾರದ ಕೆಲಸ. ಜನ ವಾಸವಿರುವ ಮನೆಯಲ್ಲಿ ಅದು ಸಾಧ್ಯವಿಲ್ಲದ್ದರಿಂದ ಖಾಲಿ ಇದ್ದಾಗಲೇ ಮಾಡಬೇಕು. ಪೇಂಟಿನ ದುಡ್ಡು ಇಲ್ಲಿಗೆ ತಿರುಗಿಸಿದರೆ ನಾನಂತೂ ಮೆಚ್ಚುತ್ತೇನೆ.

ಕೆಳಗಿನ ಮನೆಯ ಸೂರಿನಲ್ಲಿ ಕಲೆ ಕಾಣುತ್ತಿದ್ದರೆ ಮೇಲಿನ ಬಾತ್‌ರೂಮಿನಲ್ಲಿ ನೀರು ನಿಲ್ಲಿಸಿ ನೋಡುವ ಪರೀಕ್ಷೆಯೊಂದಿದೆ. ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಒದ್ದೆ ಬಟ್ಟೆ ತುರುಕಿ, ಬಾಗಿಲಿಗೆ ಸಿಮೆಂಟಿನ ಸಣ್ಣ ಬದು ಕಟ್ಟಿ, ಒಂದಿಂಚು ನೀರು ನಿಲ್ಲಿಸಿ ಇಡೀ ದಿನ ಬಿಡುತ್ತಾರೆ. ಕೆಳಗೆ ತೇವ ಬಂದರೆ ನೆಲದ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಬರದಿದ್ದರೆ ಪೈಪಿನ ಕಡೆ ಹುಡುಕಬೇಕು. ಟೈಲ್ಸ್ ನಡುವಿನ ವೈಟ್ ಸಿಮೆಂಟ್ ಉದುರಿದ ಸಂದುಗಳಿಗಷ್ಟೇ ಎಪಾಕ್ಸಿ ಗ್ರೌಟ್ ತುಂಬಿಸಿದರೆ ವಾಸಿಯಾಗುವ ಕೇಸುಗಳೂ ಇವೆ. ಈ ಪರೀಕ್ಷೆ ಮಾಡದೆ ಸೂರಿನ ಕಲೆಯ ಮೇಲೆ ಪ್ರೈಮರ್ ಹೊಡೆದು ಮುಚ್ಚುವವರು ಆರು ತಿಂಗಳಿಗೆ ಎರಡು ಮನೆಯವರಿಂದಲೂ ಬೈಸಿಕೊಳ್ಳುತ್ತಾರೆ.

ತಿಂಗಳುಗಟ್ಟಲೆ ಬೀಗ ಹಾಕಿದ ಮನೆಗೆ ಕಾಲಿಟ್ಟರೆ ಚರಂಡಿ ವಾಸನೆ ಬರುತ್ತದಲ್ಲ, ಅದಕ್ಕೆ ಕಾರಣ ಚಿಕ್ಕದು. ಟ್ರ್ಯಾಪಿನ ಬಾಗಿದ ಹೊಟ್ಟೆಯಲ್ಲಿ ಸದಾ ಒಂದಿಷ್ಟು ನೀರು ನಿಂತು ಕೆಳಗಿನ ಗಾಳಿಯನ್ನು ತಡೆಯುತ್ತಿರುತ್ತದೆ. ಬಳಸದಿದ್ದರೆ ಆ ನೀರು ಆರಿಹೋಗಿ ವಾಸನೆಯೂ ಜಿರಲೆಯೂ ಮೇಲೇರುತ್ತವೆ. ವಾರಕ್ಕೊಮ್ಮೆ ಪ್ರತಿ ಟ್ರ್ಯಾಪಿಗೆ ಒಂದು ಚೊಂಬು ನೀರು ಹಾಕಿ ಬನ್ನಿ. ಮನೆ ನೋಡಲು ಬಂದವರು ಮೂಗು ಮುಚ್ಚಿಕೊಂಡು ಹೋಗುವುದು ತಪ್ಪುತ್ತದೆ. ಅಂಗಳದ ಚೇಂಬರ್ ಮುಚ್ಚಳವನ್ನೂ ಒಮ್ಮೆ ಎತ್ತಿಸಿ ನೋಡಿ. ಮೇಲಿನ ಎರಡು ಮನೆಯ ಕೂದಲು, ಎಣ್ಣೆಜಿಡ್ಡು ಕಟ್ಟಿಕೊಂಡರೆ ಅದು ಉಕ್ಕುವುದು ಕೆಳಮನೆಯ ಬಾತ್‌ರೂಮಿನಲ್ಲಿ.

ವಿದ್ಯುತ್ತಿಗೆ ಬರೋಣ. ಇಪ್ಪತ್ತು ವರ್ಷದ ಹಿಂದೆ ವೈರಿಂಗ್ ಆದ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಮಿಕ್ಸಿಗೊಂದು, ಫ್ರಿಜ್ಜಿಗೊಂದು ಪಾಯಿಂಟ್ ಇರುತ್ತಿತ್ತು. ಈಗ ಬರುವ ಸಂಸಾರದ ಜೊತೆ ಇಂಡಕ್ಷನ್ ಒಲೆ, ಮೈಕ್ರೋವೇವ್, ನೀರಿನ ಪ್ಯೂರಿಫೈಯರ್, ಏರ್ ಫ್ರೈಯರ್ ಬರುತ್ತವೆ. ಪಾಯಿಂಟ್ ಇಲ್ಲದಿದ್ದರೆ ಒಂದೇ ಸಾಕೆಟ್ಟಿಗೆ ಮಲ್ಟಿಪ್ಲಗ್ ಸಿಕ್ಕಿಸುತ್ತಾರೆ, ಅದು ಕರಕಲಾಗುತ್ತದೆ, ತಪ್ಪು ಯಾರದೆಂಬ ಚರ್ಚೆ ಶುರುವಾಗುತ್ತದೆ. ಎರಡು ಕಿಲೋವ್ಯಾಟಿನ ಗೀಸರೋ ಇಂಡಕ್ಷನ್ನೋ ಎಳೆಯುವುದು ಒಂಬತ್ತು ಆಂಪಿಯರಿನ ಆಸುಪಾಸು. ಆರು ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅದು ತಾಳುವ ಹೊರೆಯಲ್ಲ. ಅಡುಗೆಮನೆಗೆ ಎರಡು, ಪ್ರತಿ ಬಾತ್‌ರೂಮಿಗೆ ಒಂದು ಹದಿನಾರು ಆಂಪಿಯರ್ ಪಾಯಿಂಟನ್ನು ಬೇರೆ ಎಂಸಿಬಿ, ತಕ್ಕ ದಪ್ಪದ ವೈರಿನ ಸಮೇತ ಹಾಕಿಸಿ. ಮೇನ್ ಬೋರ್ಡಿನಲ್ಲಿ, ಶಾಕ್ ಹೊಡೆದಾಗ ಕರೆಂಟ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯನ್ನು ಬಾಡಿಗೆಗೆ ಕೊಡಲೇಬಾರದು. ಅದು ದೂರಿನ ಮಾತಲ್ಲ, ಪ್ರಾಣದ ಮಾತು. ಗ್ಯಾಸ್ ಗೀಸರ್ ವಿಷಯವೂ ಅಷ್ಟೇ. ಗಾಳಿಯಾಡದ ಬಾತ್‌ರೂಮಿನಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆ ಹಾಕುವಂತಿಲ್ಲ ಎಂದು ಕರಾರಿನಲ್ಲೇ ಬರೆಸಿ.

ಮೀಟರ್ ಮನೆಗೊಂದು ಇರಲಿ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಾಡಿಗೆದಾರರು ಮೊದಲು ಕೇಳುವುದೇ ಮೀಟರಿನ ಆರ್‌ಆರ್ ನಂಬರ್. ಸಂಪಿನ ಮೋಟರ್ ಯಾರ ಮೀಟರಿನಲ್ಲಿ ಓಡುತ್ತದೆ ಎನ್ನುವುದನ್ನು ಹೇಳದೆ ಮುಚ್ಚಿಟ್ಟರೆ ಮೂರನೆಯ ತಿಂಗಳಿಗೆ ಗೊತ್ತಾಗಿಯೇ ಆಗುತ್ತದೆ.

ಬಣ್ಣ ಬೇಡವೇ ಬೇಡ ಎಂದಲ್ಲ. ತೇವದ ಗೋಡೆಗೆ ಬಣ್ಣ ಬೇಡ. ಗೋಡೆ ಉಪ್ಪು ಬಿಟ್ಟು ಉಬ್ಬಿರುವ ಕಡೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಹನಿ ಗೋಡೆಯ ಕಡೆ ಕಟ್ಟಿದರೆ ನೀರು ಒಳಗಿನಿಂದ ಬರುತ್ತಿದೆ. ಕೋಣೆಯ ಕಡೆ ಕಟ್ಟಿದರೆ ಗಾಳಿಯಾಡುತ್ತಿಲ್ಲ, ಕಿಟಕಿಯದೋ ಎಕ್ಸಾಸ್ಟ್ ಫ್ಯಾನಿನದೋ ಸಮಸ್ಯೆ. ಬೆಂಗಳೂರಿನಲ್ಲಿ ಜೋರು ಮಳೆ ಆಗಸ್ಟಿನಿಂದ ಅಕ್ಟೋಬರಿನವರೆಗೆ. ಶಾಲೆಯ ಲೆಕ್ಕಕ್ಕೆ ಮನೆಗಳು ಖಾಲಿಯಾಗುವುದು ಏಪ್ರಿಲ್–ಮೇನಲ್ಲಿ. ತಾರಸಿಯ ಬಿರುಕು, ಸಜ್ಜಾದ ಅಂಚು, ಮಳೆನೀರು ಇಳಿಯುವ ಪೈಪಿನ ಬಾಯಿ ನೋಡಿಸಲು ಅದೇ ಹದವಾದ ಕಾಲ. ಕರಾವಳಿಯವರಿಗೆ ಇದನ್ನು ಹೇಳಬೇಕಿಲ್ಲ; ಜೂನ್ ಕಾಲಿಡುವ ಮುಂಚೆ ಹಂಚು ಸರಿಸಿ ನೋಡುವುದು ಅಲ್ಲಿ ವರ್ಷದ ವಾಡಿಕೆ.

ಚಿಲ್ಲರೆ ಸಂಗತಿಗಳಿಗೆ ಹೆಚ್ಚು ಮಾತು ಬೇಡ. ಕಿಟಕಿಗೆ ಸೊಳ್ಳೆ ಮೆಶ್, ಬಟ್ಟೆ ಒಣಗಿಸಲು ಗಟ್ಟಿ ತಂತಿ, ವಾಷಿಂಗ್ ಮೆಷಿನ್ನಿಗೆ ನಲ್ಲಿಯೂ ನೀರು ಹೋಗಲು ದಾರಿಯೂ, ಇಂಟರ್‌ನೆಟ್ ಕೇಬಲ್ಲಿಗೆ ಗೋಡೆಯಲ್ಲಿ ಮೊದಲೇ ಒಂದು ತೂತು. ಮೊಳೆ ಹೊಡೆಯಬಾರದು ಎಂದು ಹಟ ಹಿಡಿಯುವ ಓನರ್ ದೇವರ ಪಟಕ್ಕೂ ಕ್ಯಾಲೆಂಡರಿಗೂ ನಾಲ್ಕು ಕಡೆ ತಾವೇ ಹುಕ್ ಹಾಕಿಸಿಕೊಟ್ಟರೆ ಹಟಕ್ಕೊಂದು ಮರ್ಯಾದೆ ಇರುತ್ತದೆ.

ಯಾರು ಯಾವುದನ್ನು ಮಾಡಿಸಬೇಕು? ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ಬರೆಸುವುದು ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ. ಸ್ಟಾಂಪ್ ಪೇಪರ್ ಅಂಗಡಿಯವರು ಕೊಡುವ ಸಿದ್ಧ ನಮೂನೆಯಲ್ಲಿ ರಿಪೇರಿಗೆ ಒಂದು ಸಾಲು ಸಿಕ್ಕರೆ ಪುಣ್ಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳ ತಂಟೆಗೆ ಬರುವುದಿಲ್ಲ. ಅಷ್ಟಕ್ಕೆ ಇಂದು ಶೆಡ್ಡು ಸಿಗುವುದೂ ಕಷ್ಟ. ಉಳಿದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 108ನೆಯ ಸೆಕ್ಷನ್ ಪ್ರಕಾರ, ಮಾಡಿಸಿಕೊಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಓನರ್ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎನ್ನುವುದೂ ಅದೇ ಸೆಕ್ಷನ್ನಿನಲ್ಲಿದೆ. ಗೋಡೆಯ ಬಣ್ಣ ಮಾಸಿತೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವವರು ಇದನ್ನೊಮ್ಮೆ ಓದಬೇಕು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಕೊನೆಯ ಅನುಸೂಚಿ ಇನ್ನೂ ಚೊಕ್ಕ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಓನರಿನ ಪಾಲು. ನಲ್ಲಿ, ವಾಷರ್, ಚರಂಡಿ ಕಟ್ಟಿದ್ದು ಬಿಡಿಸುವುದು, ಗೀಸರ್, ಸ್ವಿಚ್ಚು–ಸಾಕೆಟ್ಟು, ಬೀಗ, ಕಿಟಕಿ ಗಾಜು ಬಾಡಿಗೆದಾರರ ಪಾಲು. ಮಾದರಿಯಷ್ಟೇ ಆದರೂ ಕರಾರಿಗೆ ಇದನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ. ಆದರೆ ನ್ಯಾಯಕ್ಕೆ ಒಂದು ಮಾತು: ಹದಿನೈದು ವರ್ಷದ ಗೀಸರನ್ನು ಗೋಡೆಯಲ್ಲಿ ಬಿಟ್ಟು ‘ಗೀಸರ್ ರಿಪೇರಿ ನಿಮ್ಮದು’ ಎನ್ನುವಂತಿಲ್ಲ. ಕೀಲಿ ಕೊಡುವ ದಿನ ಕೆಲಸ ಮಾಡುತ್ತಿದ್ದ ವಸ್ತುವಿನ ಹೊಣೆಯನ್ನಷ್ಟೇ ಇನ್ನೊಬ್ಬರಿಗೆ ದಾಟಿಸಬಹುದು. ಅದೇ ಕಾಯ್ದೆ ಮನೆಯೊಳಗೆ ಬರುವ ಮುಂಚೆ 24 ಗಂಟೆ ಮೊದಲು ತಿಳಿಸಬೇಕು ಎನ್ನುತ್ತದೆ. ‘ಗಿಡಕ್ಕೆ ನೀರು ಹಾಕೋಕೆ ಬಂದೆ’ ಎಂದು ಹೇಳದೆ ಕೇಳದೆ ಬಾಲ್ಕನಿಗೆ ಬರುವ ಓನರುಗಳಿಗೆ ಇದು ಕಹಿಯಾಗಬಹುದು.

ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ. ಕಾವೇರಿ ನೀರು ಬರುವ ದಿನ, ಮೋಟರ್ ಹಾಕುವ ಹೊತ್ತು, ಯಾವ ವಾಲ್ವ್ ಎಲ್ಲಿದೆ, ಕಸದ ಗಾಡಿ ಎಷ್ಟು ಗಂಟೆಗೆ, ಆರ್‌ಆರ್ ನಂಬರ್, ಜಲಮಂಡಳಿಯ 1916, ಬೆಸ್ಕಾಂನ 1912, ನಿಮಗೆ ಗೊತ್ತಿರುವ ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರು. ಕರೆಂಟ್ ಹೋದಾಗ ಮೊದಲು ಓನರಿಗೆ ಫೋನ್ ಮಾಡುವವರು ಸೋಮಾರಿಗಳಲ್ಲ. ಅವರಿಗೆ ಬೇರೆ ನಂಬರ್ ಗೊತ್ತಿಲ್ಲ, ಅಷ್ಟೆ.

ಏನು ಮಾಡಿದರೂ ಹೋಗದ ಕೊರತೆಗಳೂ ಇರುತ್ತವೆ. ಕಾರಿಗೆ ಜಾಗವಿಲ್ಲ, ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ, ಹಿಂದಿನ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದು, ರಾತ್ರಿ ಹನ್ನೊಂದಕ್ಕೆ ಗೇಟಿಗೆ ಬೀಗ. ಇವನ್ನು ಅಡ್ವಾನ್ಸ್ ಕೈಗೆ ಬರುವ ಮುಂಚೆಯೇ ಹೇಳಿಬಿಡಬೇಕು. ಕೇಳಿ ವಾಪಸ್ ಹೋದವರು ಹೇಗೂ ಆರು ತಿಂಗಳಿಗೆ ಬಿಟ್ಟುಹೋಗುತ್ತಿದ್ದವರೇ.

ಕೀಲಿ ಕೊಡುವ ದಿನ ಇಬ್ಬರೂ ಜೊತೆಗೆ ನಡೆದು, ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಒತ್ತಿ, ಮೀಟರ್ ರೀಡಿಂಗ್ ಸಮೇತ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಮೇಲೆ ಇನ್ನೊಂದು ಕೆಲಸ ಬಾಕಿಯಿದೆ, ಅದನ್ನು ಮಾಡುವವರು ಅಪರೂಪ. ಹೊಸಬರು ಬಂದ ಹತ್ತನೆಯ ದಿನದ ಸುಮಾರಿಗೆ ನೀವೇ ಫೋನ್ ಮಾಡಿ, ‘ಏನೇನು ಸರಿ ಇಲ್ಲ, ಒಂದು ಪಟ್ಟಿ ಬರೆದಿಡಿ, ಶನಿವಾರ ಪ್ಲಂಬರ್ ಕಳಿಸ್ತೀನಿ’ ಎನ್ನಿ. ಎಷ್ಟು ಜಾಗ್ರತೆಯಿಂದ ಅಣಿಗೊಳಿಸಿದ ಮನೆಯಲ್ಲೂ ಬಾಗಿಲ ಚಿಲಕ ಸರಿಯಾಗಿ ಕೂರದಿರುವುದು, ಸಿಂಕಿನ ಪೈಪ್ ಸಡಿಲವಾಗಿರುವುದು ವಾಸಕ್ಕೆ ಬಂದ ಮೇಲೆಯೇ ಗೊತ್ತಾಗುವುದು. ಪಟ್ಟಿಯಲ್ಲಿ ಐದಾರು ಸಂಗತಿ ಬರಬಹುದು. ಐದಾರು ಭಾನುವಾರ ಬರಬೇಕಿದ್ದ ಫೋನುಗಳು ಒಂದೇ ಶನಿವಾರ, ಒಂದೇ ಕೂಲಿಯಲ್ಲಿ ತೀರುತ್ತವೆ.